ಒದ್ದೆ ಇದ್ದ ಹಾಗೆ ಕಾಣುವ ತೇಪೆ

ಇಂಟರ್ನ್‌ಶಿಪ್‌ನ ಎರಡನೆಯ ವಾರ. ಹತ್ತನೆಯ ತರಗತಿ, ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಘಟಕದ ಮೊದಲ ಪಾಠ. ಪಾಠಯೋಜನೆಯ ಬೋಧನೋಪಕರಣಗಳ ಪಟ್ಟಿಯಲ್ಲಿ ನಾನೇ ಬರೆದಿದ್ದೆ: ಮೆಗ್ನೀಸಿಯಂ ಪಟ್ಟಿ, ಮರಳು ಕಾಗದ, ಇಕ್ಕಳ, ಸ್ಪಿರಿಟ್ ದೀಪ, ವಾಚ್ ಗ್ಲಾಸ್, ಮರಳು ಹಾಕಿದ ತಟ್ಟೆ. ಕೊನೆಯದೊಂದನ್ನು ಬಿಟ್ಟು ಎಲ್ಲವೂ ಮೇಜಿನ ಮೇಲಿದ್ದವು. ಪಟ್ಟಿ ಹೊತ್ತಿಕೊಂಡಿತು, ಮಕ್ಕಳು ‘ಓ’ ಎಂದರು, ಆ ‘ಓ’ ಕೇಳಿದ ಖುಷಿಗೆ ನಾನು ಮಕ್ಕಳ ಕಡೆ ತಿರುಗಿದೆ. ಉರಿಯುತ್ತಿದ್ದ ತುಂಡು ಇಕ್ಕಳದಿಂದ ಜಾರಿ ಕಿಟಕಿ ಬದಿಯ ನೆಲಕ್ಕೆ ಬಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ನೀರಿನ ಬಾಟಲಿ ಹಿಡಿದು ಎದ್ದ. “ನೀರು ಬೇಡ!” ಎಂದು ಕೂಗಿ, ಬಾಗಿಲ ಬಳಿಯ ಕೆಂಪು ಬಕೆಟ್‌ನಿಂದ ಮರಳು ತಂದು ಸುರಿದೆ. ಉರಿಯುವ ಮೆಗ್ನೀಸಿಯಂ ನೀರಿನಲ್ಲಿರುವ ಆಕ್ಸಿಜನ್ನನ್ನೂ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ ಎಂಬುದನ್ನು ಆಮೇಲೆ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದು ವಿವರಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹಾಗೆ ನೋಡಿದರೆ ಅವತ್ತಿನ ಪಾಠದಲ್ಲಿ ಮಕ್ಕಳಿಗೆ ಇವತ್ತಿಗೂ ನೆನಪಿರುವುದು ಅದೊಂದೇ.

ಗಂಟೆ ಹೊಡೆದ ಮೇಲೆ ಮರಳು ಗುಡಿಸಿ ನೋಡಿದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಗುಳಿ, ಅದರ ಸುತ್ತ ಕಂದು ಬಣ್ಣದ ಬಳೆ. ಸಾಲದ್ದಕ್ಕೆ ಮಕ್ಕಳು ಮರಳು ತುಳಿದು ಓಡಾಡಿದ್ದರಿಂದ ಸುತ್ತಲೂ ಸಣ್ಣ ಗೀರುಗಳು.

ಆ ನೆಲದ ವಿಷಯ ಸ್ವಲ್ಪ ಹೇಳಬೇಕು. ಶಾಲೆಯ ಹಳೆಯ ವಿದ್ಯಾರ್ಥಿಗಳು ಆರು ವರ್ಷದ ಹಿಂದೆ ಹಣ ಕೂಡಿಸಿ ಪ್ರಯೋಗಾಲಯಕ್ಕೆ ಎಪಾಕ್ಸಿ ರೆಸಿನ್ ನೆಲ ಹಾಕಿಸಿದ್ದರು. 2 ಮಿಲಿಮೀಟರ್ ದಪ್ಪ, ತಿಳಿ ಬೂದು ಬಣ್ಣ. ಮುಖ್ಯೋಪಾಧ್ಯಾಯರು ಯಾರು ಬಂದರೂ ಮೊದಲು ಕರೆದುಕೊಂಡು ಹೋಗಿ ತೋರಿಸುವುದು ಅದನ್ನೇ. ನಮ್ಮನ್ನು ಶಾಲೆಗೆ ಸ್ವಾಗತಿಸಿದ ದಿನವೂ, “ಇಲ್ಲಿ ಆಸಿಡ್ ಚೆಲ್ಲಿದರೂ ತಕ್ಷಣ ಒರೆಸಿದರೆ ಏನೂ ಆಗಲ್ಲ” ಎಂದು ಹೇಳಿದ್ದರು. ಆಸಿಡ್‌ನ ಮಟ್ಟಿಗೆ ಅದು ಬಹುತೇಕ ನಿಜ. ಬೆಂಕಿಯ ವಿಷಯ ಅವರು ಹೇಳಿರಲಿಲ್ಲ.

ನನಗೆ ಮಾತ್ರ ಗೊತ್ತಿತ್ತು. ಬಿಎಸ್ಸಿ ಮುಗಿಸಿ ಬಿಎಡ್ ಸೇರುವ ಮುನ್ನ ಎರಡು ವರ್ಷ ನಾನು ಬೆಂಗಳೂರಿನ ಪೀಣ್ಯದಲ್ಲಿ ಸೋದರಮಾವನ ಜೊತೆ ಕಾರ್ಖಾನೆಗಳಿಗೆ ಇಂಥದೇ ನೆಲ ಹಾಕುವ ಕೆಲಸದಲ್ಲಿದ್ದೆ. ಮಂಡಿಗೆ ಪ್ಯಾಡ್ ಕಟ್ಟಿಕೊಂಡು ರಾತ್ರಿ ಪಾಳಿಯಲ್ಲಿ ನೆಲ ಉಜ್ಜುವುದು, ರೆಸಿನ್ ಕಲಸುವುದು, ರೋಲರ್ ಎಳೆಯುವುದು. ಕಾಲೇಜಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ವಯಸ್ಸಿನ ಲೆಕ್ಕ ಕೇಳಿದವರಿಗೆ “ಪ್ರೈವೇಟ್ ಕಂಪನಿಯಲ್ಲಿದ್ದೆ” ಎನ್ನುತ್ತಿದ್ದೆ. ಸುಳ್ಳಲ್ಲ, ಆದರೆ ನಿಜ ಹೇಳುವ ಉದ್ದೇಶದಿಂದ ಹೇಳಿದ ಮಾತೂ ಅಲ್ಲ.

ಹಾಗಾಗಿ ಯಾರಿಗೂ ಹೇಳದೆ ಸರಿಮಾಡಿಬಿಡೋಣ ಎಂದುಕೊಂಡೆ. ಶನಿವಾರ ಪೇಟೆಯ ಬಣ್ಣದ ಅಂಗಡಿಯಲ್ಲಿ ಒಂದು ಕಿಲೋ ಡಬ್ಬ ಸಿಕ್ಕಿತು. ಫೋನಿನಲ್ಲಿ ತೆಗೆದ ಫೋಟೊ ನೋಡಿ ಬಣ್ಣ ಆರಿಸಿದೆ. ಭಾನುವಾರ ಅಟೆಂಡರ್ ಅಣ್ಣನ ಹತ್ತಿರ ಬೀಗದ ಕೈ ಇಸಿದುಕೊಂಡು, ಚಾಕುವಿನಲ್ಲಿ ಸುಟ್ಟ ಭಾಗ ಕೆರೆದು ತೆಗೆದು, ರೆಸಿನ್ ತುಂಬಿ, ಅಂಚುಗಳನ್ನು ಸುತ್ತಲಿನ ನೆಲದ ಮೇಲೆ ತೆಳ್ಳಗೆ ಸವರಿದೆ. ಹೊರಗೆ ಸೋನೆ ಮಳೆ. ಸಂಜೆಯ ಹೊತ್ತಿಗೆ ನನಗೇ ಹೆಮ್ಮೆಯಾಗುವಷ್ಟು ಚೆನ್ನಾಗಿ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಒಂದು ದ್ವೀಪ. ಅಂಗೈ ಅಗಲ, ನೀಲಿ ಬೆರೆತ ಬೂದು, ಕನ್ನಡಿಯ ಹಾಗೆ ಹೊಳೆಯುತ್ತಿದೆ, ಒಂದು ಮೂಲೆಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ. ಸುಟ್ಟ ಗುಳಿ ಹತ್ತಿರ ಹೋದರೆ ಮಾತ್ರ ಕಾಣುತ್ತಿತ್ತು. ಇದು ಬಾಗಿಲಿನಿಂದಲೇ ಕರೆಯುತ್ತಿತ್ತು.

ಮುಖ್ಯೋಪಾಧ್ಯಾಯರು ಮೂರನೆಯ ಪೀರಿಯಡ್‌ಗೆ ಆ ಕಡೆ ಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳದೆ ದಾರಿ ಇರಲಿಲ್ಲ. ಅವರು ಬಗ್ಗಿ ನೋಡಿದರು. “ಲ್ಯಾಬ್ ಅಂದಮೇಲೆ ಸುಟ್ಟ ಕಲೆ ಇರುತ್ತೆ ಕಣಯ್ಯಾ. ಅದನ್ನ ಯಾರೂ ಕೇಳ್ತಿರಲಿಲ್ಲ. ಈಗ ಬಂದವರೆಲ್ಲ ಇದೇನು ಅಂತ ಕೇಳ್ತಾರೆ” ಎಂದರು. ಬೈದಿದ್ದರೆ ವಾಸಿಯಿತ್ತು. ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಎರಡು ಸಾಲು ಬರೆದರು: ಸುರಕ್ಷತಾ ಸಾಮಗ್ರಿ ಯೋಜನೆಯಲ್ಲಿದೆ, ಮೇಜಿನ ಮೇಲಿರಲಿಲ್ಲ, ಘಟನೆಯನ್ನು ಅಂದೇ ತಿಳಿಸಬೇಕಿತ್ತು. ಆ ಪುಸ್ತಕ ನಮ್ಮ ಕಾಲೇಜಿಗೆ ಹೋಗುತ್ತದೆ ಎಂಬುದು ಇದನ್ನು ಓದುವ ಎಲ್ಲರಿಗೂ ಗೊತ್ತು.

ಅವತ್ತು ಮಧ್ಯಾಹ್ನ ಮಕ್ಕಳು ಪ್ರಯೋಗಾಲಯಕ್ಕೆ ಬಂದರು. ಎಲ್ಲರ ಕಣ್ಣೂ ಅಲ್ಲಿಗೇ. “ಬಣ್ಣ ಬೇರೆ ಆಗಿದೆ ಸಾರ್” ಎಂದು ಹುಡುಗರು. ಹಿಂದಿನ ಸಾಲಿನಲ್ಲಿ ಕೂರುವ, ಕೇಳಿದರೂ ಉತ್ತರ ಕೊಡದ ಹುಡುಗಿಯೊಬ್ಬಳು ಮಾತ್ರ ಬಂದು ಕುಕ್ಕರಗಾಲಲ್ಲಿ ಕೂತು, ತಲೆ ಓರೆ ಮಾಡಿ ನೋಡಿ, “ಬಣ್ಣ ಅಷ್ಟೇನೂ ಬೇರೆ ಇಲ್ಲ ಸಾರ್. ಇದು ಒದ್ದೆ ಇದ್ದ ಹಾಗಿದೆ, ಅದಕ್ಕೇ ಕಾಣ್ತಿದೆ” ಎಂದಳು.

ರಾತ್ರಿ ಮಾವನಿಗೆ ಫೋನ್ ಮಾಡಿ ಆ ಹುಡುಗಿಯ ಮಾತು ಹೇಳಿದೆ. ಅವರು ನಕ್ಕರು. “ಎರಡು ವರ್ಷ ನನ್ನ ಜೊತೆ ಇದ್ದು ನಿನಗೆ ಗೊತ್ತಾಗದ್ದು ಆ ಮಗೂಗೆ ಗೊತ್ತಾಯ್ತಲ್ಲೋ. ಬಣ್ಣ ಕೊನೇದು. ಮೊದಲು ಅಂಚು, ಆಮೇಲೆ ಹೊಳಪು, ಆಮೇಲೆ ಬಣ್ಣ.”

ನಾನು ಮಾಡಿದ ತಪ್ಪುಗಳನ್ನು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಅಂಚನ್ನು ತೆಳ್ಳಗೆ ಸವರಿದ್ದು ಮೊದಲನೆಯದು. ಕಾಗದದಷ್ಟು ತೆಳುವಾದ ಅಂಚಿಗೆ ಬಲವಿಲ್ಲ; ನಾಲ್ಕು ದಿನ ಓಡಾಡಿದರೆ ಚಕ್ಕೆ ಏಳುತ್ತದೆ, ಏಳದಿದ್ದರೂ ಕೊಳೆ ಹಿಡಿದು ಕಪ್ಪು ಗೆರೆಯಾಗುತ್ತದೆ. ಗುಳಿಯ ಸುತ್ತ ಗ್ರೈಂಡರ್‌ನಲ್ಲಿ ನೇರವಾಗಿ ಕತ್ತರಿಸಿ, ಲಂಬವಾದ ಅಂಚು ಮಾಡಿ, ಹೊಸ ರೆಸಿನ್ ಹಳೆಯದರ ಮಟ್ಟಕ್ಕೆ ಬಂದು ನಿಲ್ಲುವಂತೆ ತುಂಬಬೇಕು. ಬಿಳಿ ಪೊರೆ ಮಳೆಯ ಕೊಡುಗೆ: ಹಾರ್ಡ್‌ನರ್‌ನಲ್ಲಿರುವ ಅಮೈನ್, ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈ ಮೇಲೆ ಮೇಣದಂಥ ಪದರ ಕಟ್ಟುತ್ತದೆ. ಅದನ್ನು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯದೆ ಮೇಲೆ ಇನ್ನೊಂದು ಕೋಟ್ ಹಾಕಿದರೆ ಹಿಡಿಯುವುದಿಲ್ಲ. ಇನ್ನು ಹೊಳಪು. ಆರು ವರ್ಷ ಚಪ್ಪಲಿ, ಸ್ಟೂಲು, ಪೊರಕೆ ಓಡಾಡಿದ ನೆಲದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಗೀರುಗಳಿರುತ್ತವೆ. ಹೊಸ ರೆಸಿನ್‌ನಲ್ಲಿ ಒಂದೂ ಇಲ್ಲ.

ಹುಡುಗಿ ಹೇಳಿದ ‘ಒದ್ದೆ’ ಎಂಬ ಮಾತಿನ ಭೌತಶಾಸ್ತ್ರ ಇದೇ. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ನಯವಾದದ್ದು ಒಂದೇ ದಿಕ್ಕಿಗೆ ಕಳಿಸುತ್ತದೆ. ಮಳೆ ಬಿದ್ದ ಟಾರು ರಸ್ತೆ ರಾತ್ರಿ ವಾಹನದ ದೀಪಕ್ಕೆ ಕನ್ನಡಿಯಾಗುವುದು ಗೀರು, ಕುಳಿಗಳನ್ನು ನೀರು ತುಂಬಿ ನಯ ಮಾಡಿರುವುದರಿಂದ. ನಿಯತ ಪ್ರತಿಫಲನ, ಚದುರಿದ ಪ್ರತಿಫಲನ ಎಂದು ಎಂಟನೆಯ ತರಗತಿಯಲ್ಲೇ ಮಕ್ಕಳು ಓದಿದ್ದಾರೆ. ನಾನು ಪದವಿಯವರೆಗೂ ಓದಿದ್ದೇನೆ. ಭಾನುವಾರ ಸಂಜೆ ಆ ತೇಪೆಯ ಮುಂದೆ ಕೂತಾಗ ಅದು ನೆನಪಾಗಲಿಲ್ಲ.

ಬಣ್ಣದ ಕತೆಯೂ ಸುಲಭವಲ್ಲ. ಇಂಥ ನೆಲಗಳಿಗೆ ತಿಳಿ ಬೂದು ಎಂದರೆ ಸಾಮಾನ್ಯವಾಗಿ ರಾಲ್ 7035. ಡಬ್ಬದ ಮೇಲೆ ಅದೇ ಸಂಖ್ಯೆ ಇದ್ದರೂ ಹಳೆಯ ನೆಲಕ್ಕೆ ಹೊಂದುವುದಿಲ್ಲ, ಏಕೆಂದರೆ ಎಪಾಕ್ಸಿ ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಗಟ್ಟುತ್ತದೆ. ಅಲಮಾರು ಸರಿಸಿ ಅದರ ಅಡಿಯ ನೆಲ ನೋಡಿದರೆ ಆರು ವರ್ಷದ ಹಿಂದಿನ ಬಣ್ಣ ಸಿಗುತ್ತದೆ. ಕಿಟಕಿ ಬದಿಯದು ಅದೇ ಡಬ್ಬದಿಂದ ಬಂದದ್ದು ಎಂದು ನಂಬುವುದೇ ಕಷ್ಟ. ಅಂದರೆ ನಾವು ಹೊಂದಿಸಬೇಕಾದದ್ದು ಡಬ್ಬದ ಬಣ್ಣಕ್ಕಲ್ಲ, ಬಿಸಿಲು ತಿಂದ ಆರು ವರ್ಷಕ್ಕೆ.

ಮಾವ ಕೊನೆಗೆ ಹೇಳಿದ ಮಾತು ನನಗೆ ಮನೆಯನ್ನು ನೆನಪಿಸಿತು. “ಇಷ್ಟೆಲ್ಲ ಮಾಡಿದ್ರೂ ನಡುವೆ ಹಾಕಿದ ತೇಪೆ ಕಾಣುತ್ತೆ. ಗುಳಿ ತುಂಬು, ಆಮೇಲೆ ಗೋಡೆಯಿಂದ ಜಾಯಿಂಟ್ ಗೆರೆವರೆಗೆ ಅಷ್ಟೂ ಉಜ್ಜಿ ಒಂದೇ ಕೋಟ್ ಎಳೆ. ಗೆರೆ ಇರೋ ಕಡೆ ಬಣ್ಣ ಚೂರು ಬದಲಾದ್ರೂ ಕಣ್ಣು ಕ್ಷಮಿಸುತ್ತೆ.” ನಮ್ಮ ಅಜ್ಜಿಯ ಮನೆಯಲ್ಲಿ ಎರಡು ಥರದ ನೆಲವಿತ್ತು. ಪಡಸಾಲೆಯದು ರೆಡ್ ಆಕ್ಸೈಡ್ ಗಾರೆ. ಅದರಲ್ಲಿ ಒರಳು ಬಿದ್ದು ಒಡೆದ ಜಾಗಕ್ಕೆ ಗಾರೆ ಕೆಲಸದವರು ಹಾಕಿದ ತೇಪೆ, ಅಜ್ಜಿ ಎಷ್ಟು ವರ್ಷ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ, ಕೊನೆಯವರೆಗೂ ತೇಪೆಯಾಗಿಯೇ ಉಳಿಯಿತು. ಹಿತ್ತಿಲ ಕೋಣೆಯದು ಮಣ್ಣಿನ ನೆಲ. ಅಲ್ಲಿ ಗುಳಿ ಬಿದ್ದರೆ ಅಜ್ಜಿ ಕೆಮ್ಮಣ್ಣು ಮೆತ್ತಿ ತಟ್ಟಿ, ಆಮೇಲೆ ಇಡೀ ಕೋಣೆಯನ್ನು ಗೋಡೆಯಿಂದ ಗೋಡೆಗೆ ಸಗಣಿಯಲ್ಲಿ ಸಾರಿಸುತ್ತಿದ್ದರು. ಮಾರನೆಯ ದಿನ ಗುಳಿ ಎಲ್ಲಿತ್ತೆಂದು ಅವರಿಗೂ ಗೊತ್ತಾಗುತ್ತಿರಲಿಲ್ಲ.

ಇಲ್ಲೊಂದು ಮಾತು, ನೆಲಕ್ಕೆ ನೇರ ಸಂಬಂಧವಿಲ್ಲದ್ದು. ಅದೇ ವಾರ ಸಮೀಕರಣ ಸರಿದೂಗಿಸುವುದರ ಕಿರುಪರೀಕ್ಷೆಯಲ್ಲಿ ಏಳು ಮಕ್ಕಳು ತೀರಾ ಹಿಂದೆ ಬಿದ್ದಿದ್ದರು. ಪರಿಹಾರ ಬೋಧನೆಗೆಂದು ಅವರನ್ನು ಬೇರೆ ಬೆಂಚಿನಲ್ಲಿ ಕೂರಿಸಿದ್ದೆ. ಉಳಿದವರಿಗೆ ಬೇರೆ ಕೆಲಸ. ಎರಡು ದಿನದಲ್ಲಿ ಆ ಬೆಂಚಿಗೆ ಮಕ್ಕಳೇ ಹೆಸರಿಟ್ಟಿದ್ದರು, ಇಲ್ಲಿ ಬರೆಯುವಂಥ ಹೆಸರಲ್ಲ. ಮಾವನ ಮಾತು ಕೇಳಿದ ಮೇಲೆ ಆ ಬೆಂಚನ್ನು ಎತ್ತಿಬಿಟ್ಟೆ. ಬೆಂಕಿಕಡ್ಡಿ ಮತ್ತು ಬಣ್ಣದ ಮಣಿಗಳನ್ನು ಪರಮಾಣುಗಳೆಂದು ಇಟ್ಟುಕೊಂಡು ಸರಿದೂಗಿಸುವುದನ್ನು ಇಡೀ ತರಗತಿಗೆ ಮೊದಲಿಂದ ಮಾಡಿಸಿದೆ. ಬಲ್ಲವರಿಗೆ ಕಠಿಣ ಸಮೀಕರಣ, ಉಳಿದವರಿಗೆ ಸುಲಭದ್ದು, ಮಣಿ ಮಾತ್ರ ಎಲ್ಲರ ಕೈಯಲ್ಲೂ. ಹೋಲಿಕೆಯನ್ನು ತುಂಬ ದೂರ ಎಳೆಯಬಾರದು; ಮಕ್ಕಳು ನೆಲವಲ್ಲ. ಏಳರಲ್ಲಿ ಇಬ್ಬರಿಗೆ ಇನ್ನೂ ಪ್ರತ್ಯೇಕವಾಗಿ ಹೇಳಿಕೊಡಬೇಕಾಯಿತು, ಶಾಲೆ ಬಿಟ್ಟ ಮೇಲೆ. ಆದರೆ ಬೆಂಚಿನ ಹೆಸರು ನಿಂತುಹೋಯಿತು.

ಎರಡನೆಯ ರಿಪೇರಿಗೆ ಮುಖ್ಯೋಪಾಧ್ಯಾಯರ ಅನುಮತಿ ಕೇಳಿದೆ. “ಬರುತ್ತಾ ನಿನಗೆ?” ಎಂದರು. ಆಗ ಪೀಣ್ಯದ ಎರಡು ವರ್ಷದ ವಿಷಯ ಹೇಳಿದೆ. ಮಾರ್ಗದರ್ಶಕ ಶಿಕ್ಷಕಿಯೂ ಪಕ್ಕದಲ್ಲಿದ್ದರು. ಅವರು, “ಇದನ್ನ ಪಾಠ ಮಾಡಬಹುದಲ್ಲ, ಯಾಕೆ ಭಾನುವಾರ ಬಾಗಿಲು ಹಾಕ್ಕೊಂಡು ಮಾಡ್ತೀರ?” ಎಂದು ಕೇಳಿದರು. ಒಪ್ಪಿಗೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ: ರೆಸಿನ್ ಯಾವ ಮಗುವಿನ ಕೈಗೂ ತಾಗಬಾರದು. ಅದು ಸರಿಯಾದ ಷರತ್ತೇ. ಗಟ್ಟಿಯಾಗದ ಎಪಾಕ್ಸಿ ಮತ್ತು ಅದರ ಹಾರ್ಡ್‌ನರ್ ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಬರುತ್ತದೆ. ಮಾವನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಅದರಿಂದಲೇ ಕೆಲಸ ಬಿಟ್ಟಿದ್ದರು.

ಮಾವ ಬಸ್ಸಿನ ಪಾರ್ಸಲ್‌ನಲ್ಲಿ ರೆಸಿನ್, ಹಾರ್ಡ್‌ನರ್, ಸ್ಫಟಿಕದ ಪುಡಿ, ಹಳದಿ ಮತ್ತು ಕಪ್ಪು ಬಣ್ಣದ ಪೇಸ್ಟ್ ಕಳಿಸಿದರು. ನಾನು ಕೈಗವಸು ಹಾಕಿಕೊಂಡು, ಕಿಟಕಿಗಳನ್ನೆಲ್ಲ ತೆರೆದು, ಐದು ಟೈಲ್ಸ್ ತುಂಡುಗಳ ಮೇಲೆ ಐದು ಮಾದರಿ ಮಾಡಿದೆ. ಮೊದಲನೆಯದಕ್ಕೆ ಹಳದಿ ಇಲ್ಲ, ಮುಂದಿನವಕ್ಕೆ ಒಂದೊಂದು ಹನಿ ಹೆಚ್ಚು. ಹಸಿ ಬಣ್ಣ ನಂಬುವಂತಿಲ್ಲವಾದ್ದರಿಂದ ಪೂರ್ತಿ ಒಂದು ದಿನ ಗಟ್ಟಿಯಾಗಲು ಬಿಟ್ಟೆ. ಮರುದಿನ ಮಕ್ಕಳು ಐದು ಗುಂಪಾಗಿ ಆ ತುಂಡುಗಳನ್ನು ನೆಲದ ಮೇಲಿಟ್ಟು ನೋಡಿ ಕೋಷ್ಟಕ ತುಂಬಿದರು: ನಿಂತು ನೋಡಿದಾಗ, ಕೂತು ನೋಡಿದಾಗ, ಕಿಟಕಿ ಬೆಳಕಿನಲ್ಲಿ, ಕಿಟಕಿ ಮುಚ್ಚಿ ಟ್ಯೂಬ್‌ಲೈಟ್‌ನಲ್ಲಿ. ಕಿಟಕಿ ಬೆಳಕಿಗೆ ನಾಲ್ಕನೆಯದು ಗೆದ್ದಿತು, ಟ್ಯೂಬ್‌ಲೈಟ್‌ಗೆ ಮೂರನೆಯದು. ‘ಹಾಗಾದರೆ ನಿಜವಾದ ಬಣ್ಣ ಯಾವುದು ಸಾರ್?’ ಎಂಬ ಪ್ರಶ್ನೆ ಬಂತು. 5ಇ ಮಾದರಿಯ ಯಾವ ಹಂತದಲ್ಲಿ ಇದನ್ನು ನಿರೀಕ್ಷಿಸಬೇಕೆಂದು ನನ್ನ ಯೋಜನೆಯಲ್ಲಿರಲಿಲ್ಲ. ವಸ್ತುವಿನ ಮೇಲೆ ಬೀಳುವ ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಅದು ಹಿಂದಿರುಗಿಸಲಾರದು, ಎರಡು ಬೆಳಕಿನ ಮಿಶ್ರಣ ಬೇರೆ ಎಂದಷ್ಟು ಹೇಳಿ, ಶಾಲೆ ನಡೆಯುವುದು ಹಗಲಿನಲ್ಲಾದ್ದರಿಂದ ನಾಲ್ಕನೆಯದನ್ನು ಆರಿಸೋಣ ಎಂದೆ.

ಇನ್ನೊಂದು ಪೀರಿಯಡ್ ಬಹಿರುಷ್ಣಕ ಕ್ರಿಯೆಗೆ ಸಿಕ್ಕಿತು. ಪ್ರಯೋಗಾಲಯದ ತಕ್ಕಡಿಯಲ್ಲೇ ಡಬ್ಬದ ಮೇಲಿನ ಪ್ರಮಾಣದಂತೆ ತೂಗಿ ಕಲಸಿದೆ. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎಂಬ ನಂಬಿಕೆ ಕೆಲಸಗಾರರಲ್ಲೂ ಇದೆ. ಹಾಗಲ್ಲ, ರೆಸಿನ್ ಮತ್ತು ಹಾರ್ಡ್‌ನರ್‌ನ ಅಣುಗಳು ಲೆಕ್ಕಕ್ಕೆ ಸರಿಯಾಗಿ ಕೊಂಡಿ ಹಾಕಿಕೊಳ್ಳಬೇಕು, ಯಾವುದು ಹೆಚ್ಚಾದರೂ ಉಳಿದದ್ದು ಅಂಟಂಟಾಗಿ ಉಳಿಯುತ್ತದೆ. ಸಮೀಕರಣ ಸರಿದೂಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕೊಡಲು ಸಿಕ್ಕಿರಲಿಲ್ಲ. ಅರ್ಧ ಮಿಶ್ರಣವನ್ನು ಕಾಗದದ ಲೋಟದಲ್ಲಿ ಬಿಟ್ಟೆ, ಉಳಿದರ್ಧವನ್ನು ಟೈಲ್ಸ್ ಮೇಲೆ ತೆಳ್ಳಗೆ ಹರಡಿದೆ. ಉಷ್ಣತಾಮಾಪಕದ ಬುಡಕ್ಕೆ ಪಾಲಿಥಿನ್ ಸುತ್ತಿದ್ದೆ, ಇಲ್ಲದಿದ್ದರೆ ಅದು ಲೋಟದ ಜೊತೆಗೇ ಶಾಶ್ವತವಾಗಿ ಉಳಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಲೋಟದೊಳಗಿನದು 26 ಡಿಗ್ರಿಯಿಂದ 60 ದಾಟಿತು. ಟೈಲ್ಸ್ ಮೇಲಿನದು ತಣ್ಣಗೇ ಇತ್ತು. ಕ್ರಿಯೆ ಒಂದೇ, ಶಾಖ ಹೊರಹೋಗಲು ಸಿಕ್ಕ ಜಾಗ ಬೇರೆ. ಎಪಾಕ್ಸಿಯ ಮೇಲೆ ಮೊದಲು ಕೆಲಸ ಮಾಡಿದವರಲ್ಲಿ ಒಬ್ಬರಾದ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಅದನ್ನು ಹುಡುಕಿದ್ದು ದಂತವೈದ್ಯದ ಬಳಕೆಗೆ ಎಂದಾಗ ಮಕ್ಕಳು ತಮ್ಮತಮ್ಮ ಹಲ್ಲು ಮುಟ್ಟಿ ನೋಡಿಕೊಂಡರು.

ಕೆಲಸ ನಡೆದದ್ದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ, ಈ ಸಲ ಮಳೆ ಬಿಟ್ಟಿದ್ದ ದಿನ ನೋಡಿಕೊಂಡು. ವೆಲ್ಡಿಂಗ್ ಅಂಗಡಿಯಿಂದ ತಂದ ಗ್ರೈಂಡರ್‌ನಲ್ಲಿ ಹಳೆಯ ತೇಪೆಯನ್ನು ಗೋಡೆಗೆ ಸಮಾನಾಂತರವಾದ ಚೌಕವಾಗಿ ಕತ್ತರಿಸಿ ತೆಗೆದು, ರೆಸಿನ್‌ಗೆ ಸ್ಫಟಿಕದ ಪುಡಿ ಬೆರೆಸಿ ಕರಣೆಯಲ್ಲಿ ತುಂಬಿದೆ. ಅದು ಗಟ್ಟಿಯಾದ ಮೇಲೆ ಕಿಟಕಿ ಗೋಡೆಯಿಂದ ಜಾಯಿಂಟ್ ಗೆರೆಯವರೆಗಿನ ಇಡೀ ಪಟ್ಟಿಯನ್ನು ಉಜ್ಜಿ, ಧೂಳು ತೆಗೆದು, ಥಿನ್ನರ್‌ನಲ್ಲಿ ಒರೆಸಿ, ಗೆರೆಗೆ ಟೇಪ್ ಅಂಟಿಸಿ ರೋಲರ್‌ನಲ್ಲಿ ಒಂದು ತೆಳು ಕೋಟ್ ಎಳೆದೆ. ಟೇಪನ್ನು ಬಣ್ಣ ಹಸಿಯಿರುವಾಗಲೇ ಕಿತ್ತೆ. ಒಣಗಿದ ಮೇಲೆ ಕಿತ್ತರೆ ಅಂಚಿನಲ್ಲಿ ಏಣು ನಿಲ್ಲುತ್ತದೆ. ಒಂದು ವಾರ ಬಿಟ್ಟು 400 ನಂಬರಿನ ವಾಟರ್ ಪೇಪರ್, ನೀರು ಹಾಕಿಕೊಂಡು ಹೊಳಪು ಮುರಿದೆ. ಆರು ವರ್ಷದ ಚಪ್ಪಲಿಗಳ ಕೆಲಸವನ್ನು ಎರಡು ಗಂಟೆಯಲ್ಲಿ ಮಾಡುವುದು ಎಂದರೆ ಇದೇ. ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಹೊಸದು ಮಾಡಿ ಮತ್ತೆ ಹಳೇದು ಮಾಡ್ತಿದೀರಲ್ಲ” ಎಂದರು.

ನಮ್ಮ ಕಾಲೇಜಿನ ಮೇಲ್ವಿಚಾರಕರು ಬಂದದ್ದು ಮುಂದಿನ ವಾರ. ಪುಸ್ತಕದಲ್ಲಿದ್ದ ಎರಡು ಸಾಲು ಓದಿ, “ಎಲ್ಲಿ ಅದು?” ಎಂದು ನೆಲ ನೋಡಿದರು. ನಾನು ತೋರಿಸುವ ಮೊದಲೇ ಹಿಂದಿನ ಸಾಲಿನ ಆ ಹುಡುಗಿ ಎದ್ದು ಬಂದು, “ಹಾಗೆ ನಿಂತು ನೋಡಿದ್ರೆ ಕಾಣಲ್ಲ ಸಾರ್, ಇಲ್ಲಿ ಕೂತ್ಕೊಂಡು ಕಿಟಕಿ ಕಡೆ ನೋಡಬೇಕು” ಎಂದಳು. ಅವರು ಕೂತರು. ಗುಳಿ ಇದ್ದ ಜಾಗದಲ್ಲಿ ಕೂದಲೆಳೆಯಷ್ಟು ತಗ್ಗಿದೆ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಎರಡು ಸಲಕ್ಕೆ ತುಂಬಬೇಕಿತ್ತು. ಓರೆ ಬೆಳಕಿನಲ್ಲಿ ಅದು ಸಿಕ್ಕಿಬೀಳುತ್ತದೆ. ಏಕೆ ಎಂದು ಅವರು ಕೇಳಿದರು, ಅವಳು ಪತನ ಕೋನ, ಪ್ರತಿಫಲನ ಕೋನ ಎಂದು ಕೈಯಲ್ಲೇ ತೋರಿಸಿ ಹೇಳಿದಳು. ಪುಸ್ತಕದಲ್ಲಿದ್ದ ಎರಡು ಸಾಲು ಹಾಗೇ ಇವೆ. ಅವರು ಕೆಳಗೆ ಮತ್ತೊಂದು ಸಾಲು ಸೇರಿಸಿ ಸಹಿ ಹಾಕಿದರು.

ಸಂಜೆ ಮಾವನಿಗೆ ಫೋಟೊ ಕಳಿಸಿದೆ. “ತೇಪೆ ಎಲ್ಲೋ?” ಎಂದು ಕೇಳಿದರು. “ಫೋಟೊದಲ್ಲಿ ಕಾಣಲ್ಲ ಮಾವ, ಬಗ್ಗಿ ನೋಡಬೇಕು” ಎಂದೆ.